ಇಬ್ಬರೂ ಒಪ್ಪಿದ ಮೇಲೆ

ನನ್ನ ತಂಗಿಯ ಮಗಳೂ ಅವಳ ಗಂಡನೂ ಬೇರೆಯಾಗುವುದೆಂದು ನಿಶ್ಚಯಿಸಿದಾಗ, ಬದಿಯಡ್ಕದ ಮನೆಯ ಚಾವಡಿಯಲ್ಲಿ ಸೇರಿದ್ದ ಹಿರಿಯರೆಲ್ಲ ಆಡಿದ್ದು ಹೆಚ್ಚುಕಡಿಮೆ ಒಂದೇ ಮಾತು: ಇಬ್ಬರೂ ಒಪ್ಪಿದ ಮೇಲೆ ಇನ್ನೇನಿದೆ, ಕೋರ್ಟಿಗೆ ಹೋಗಿ ಸಹಿ ಹಾಕಿ ಬಂದರಾಯಿತು. ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು, ಕಾಗದಪತ್ರ ಓದಿ ಅಭ್ಯಾಸವಿರುವವನು, ಎಲ್ಲಕ್ಕಿಂತ ಹೆಚ್ಚಾಗಿ ಸೋದರಮಾವ ಎಂಬ ಕಾರಣಕ್ಕೆ ಜೊತೆಯಲ್ಲಿ ಹೋಗುವ ಹೊಣೆ ನನ್ನ ಪಾಲಿಗೆ ಬಂತು. ಅರ್ಜಿಯ ಕರಡು ಸಿದ್ಧವಾದ ದಿನ ಕಾಸರಗೋಡಿನ ವಕೀಲರ ಕಚೇರಿಯಲ್ಲಿ ನಾವು ಬೆಳಗ್ಗೆ ಕುಳಿತವರು ಏಳುವಾಗ ಸಂಜೆಯಾಗಿತ್ತು. ಒಪ್ಪಿಕೊಂಡಿದ್ದೇವೆ ಎಂದು ಬಂದವರು ಇನ್ನೂ ಯಾವುದನ್ನೆಲ್ಲ ಒಪ್ಪಿರಲಿಲ್ಲ ಎಂಬುದು ಅಲ್ಲಿ ಒಂದೊಂದಾಗಿ ಹೊರಬಂತು.

ವಕೀಲರು ಕನ್ನಡದವರೇ ಆದ್ದರಿಂದ ಮಾತಿಗೆ ತೊಡಕಿರಲಿಲ್ಲ. ಹಿಂದೂ ವಿವಾಹ ಕಾಯ್ದೆ 1955ರದ್ದಾದರೂ ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಅದರಲ್ಲಿ ಜಾಗ ಸಿಕ್ಕಿದ್ದು 1976ರ ತಿದ್ದುಪಡಿಯ ಮೂಲಕ, 13ಬಿ ಎಂಬ ಸೆಕ್ಷನ್ನಿನಲ್ಲಿ. ಅರ್ಜಿ ಸಲ್ಲಿಸುವ ಹೊತ್ತಿಗೆ ಗಂಡಹೆಂಡಿರು ಕನಿಷ್ಠ ಒಂದು ವರ್ಷದಿಂದ ಬೇರೆಯಾಗಿ ಬಾಳುತ್ತಿರಬೇಕು, ಕೂಡಿ ಬಾಳಲು ಅವರಿಂದ ಆಗದೆ ಹೋಗಿರಬೇಕು, ಮದುವೆಯನ್ನು ಮುಗಿಸುವುದಕ್ಕೆ ಇಬ್ಬರೂ ಸಮ್ಮತಿಸಿರಬೇಕು. ಕಾನೂನು ಕೇಳುವುದು ಇಷ್ಟೇ. ಬೇರೆಯಾಗಿ ಎಂದರೆ ಬೇರೆ ಬೇರೆ ಊರಿನಲ್ಲಿ ಎಂದೇನೂ ಅಲ್ಲ. ಒಂದೇ ಸೂರಿನಡಿ ಇದ್ದರೂ ದಾಂಪತ್ಯ ನಡೆಸದಿದ್ದರೆ ಅದೂ ಬೇರೆಯಾಗಿರುವುದೇ ಎಂದು ಸುಪ್ರೀಂ ಕೋರ್ಟು 1991ರಲ್ಲಿ ಸುರೇಷ್ಟಾ ದೇವಿ ಪ್ರಕರಣದಲ್ಲಿ ಹೇಳಿದೆಯಂತೆ. ನಮ್ಮ ಹುಡುಗಿ ತವರಿಗೆ ಬಂದು ಎರಡು ವರ್ಷ ದಾಟಿದ್ದರಿಂದ ಆ ಚರ್ಚೆಯ ಅಗತ್ಯ ನಮಗೆ ಬೀಳಲಿಲ್ಲ.

ಅಗತ್ಯ ಬಿದ್ದದ್ದು ನನ್ನ ತಂಗಿಯನ್ನು ಸಮಾಧಾನಪಡಿಸುವುದಕ್ಕೆ. ಬೀಗಿತ್ತಿ ಯಾವಾಗ ಏನೆಂದರು, ಬಾಣಂತನಕ್ಕೆ ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನೆಲ್ಲ ಅವಳು ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದಳು. ವಕೀಲರು ತಾಳ್ಮೆಯಿಂದ ಕೇಳಿಸಿಕೊಂಡು, "ಅಕ್ಕಾ, ಈ ಅರ್ಜಿಯಲ್ಲಿ ಯಾರ ತಪ್ಪನ್ನೂ ಬರೆಯಲಿಕ್ಕಿಲ್ಲ. ಹೊಂದಾಣಿಕೆ ಆಗಲಿಲ್ಲ ಎಂದು ಒಂದು ಸಾಲು ಸಾಕು" ಎಂದರು. ಅವಳಿಗೆ ಅದು ಅನ್ಯಾಯವೆಂದೇ ತೋರಿತು. ತಪ್ಪು ಹೊರಿಸಿದರೆ ಅದನ್ನು ಸಾಬೀತುಪಡಿಸಬೇಕು, ಎದುರಿನವರು ಅಲ್ಲಗಳೆಯಬೇಕು, ಸಾಕ್ಷಿಗಳು ಬರಬೇಕು. ಜಂಟಿ ಅರ್ಜಿಯಲ್ಲಾದರೆ ಇಬ್ಬರೂ ಅರ್ಜಿದಾರರು, ಎದುರುಪಕ್ಷವೆಂಬುದೇ ಇಲ್ಲ. ಆ ಒಣ ಸಾಲಿನಲ್ಲಿ ಹುಡುಗಿಗೆ ದೊಡ್ಡ ರಕ್ಷಣೆಯಿದೆ ಎಂದು ನನಗೆ ಅನಿಸಿತು.

ಮುಂದಿನ ಪ್ರಶ್ನೆ ಗಡಿನಾಡಿನವರಿಗೇ ಹೇಳಿ ಮಾಡಿಸಿದ್ದು. ಮದುವೆ ನಡೆದದ್ದು ಪುತ್ತೂರಿನಲ್ಲಿ, ಸಂಸಾರ ಹೂಡಿದ್ದು ಬೆಂಗಳೂರಿನಲ್ಲಿ, ಈಗ ಅವಳಿರುವುದು ಬದಿಯಡ್ಕದಲ್ಲಿ. ಹಾಗಾದರೆ ಅರ್ಜಿ ಕರ್ನಾಟಕದಲ್ಲೋ ಕೇರಳದಲ್ಲೋ? ಮದುವೆ ನಡೆದ ಊರು, ಇಬ್ಬರೂ ಕೊನೆಯದಾಗಿ ಕೂಡಿ ಬಾಳಿದ ಊರು, ಇವಲ್ಲದೆ ಹೆಂಡತಿ ಅರ್ಜಿದಾರಳಾದರೆ ಅವಳು ಈಗ ವಾಸಿಸುವ ಊರು, ಹೀಗೆ ಹಲವು ಕಡೆಗಳಿಗೆ 19ನೇ ಸೆಕ್ಷನ್ನು ಅವಕಾಶ ಕೊಡುತ್ತದೆ. ಕೊನೆಯದನ್ನು ಸೇರಿಸಿದ್ದು 2003ರ ತಿದ್ದುಪಡಿ. ಚಿಕ್ಕ ಮಗುವನ್ನು ಕಟ್ಟಿಕೊಂಡು ಬೆಂಗಳೂರಿಗೆ ಓಡಾಡುವುದು ತಪ್ಪಿದ್ದು ಅದರಿಂದಲೇ.

ಮದುವೆಯನ್ನು ನೋಂದಾಯಿಸಿರಲಿಲ್ಲ. ನೋಂದಣಿ ಇಲ್ಲವೆಂಬ ಕಾರಣಕ್ಕೆ ಮದುವೆ ಅಸಿಂಧುವಾಗುವುದಿಲ್ಲ ಎಂದು ಅದೇ ಕಾಯ್ದೆಯ 8ನೇ ಸೆಕ್ಷನ್ನಿನಲ್ಲಿದೆ. ಆದರೆ ಮದುವೆ ಆಗಿದೆಯೆಂದು ತೋರಿಸಲು ಏನಾದರೂ ಬೇಕಲ್ಲ. ಆಧಾರ್ ಮತ್ತು ವಿಳಾಸದ ದಾಖಲೆಗಳ ಜೊತೆಗೆ ಧಾರೆಯ ಹೊತ್ತಿನ ಒಂದು ಫೋಟೊ, ಒಂದು ಕರೆಯೋಲೆ ಲಗತ್ತಾದವು. ಕರೆಯೋಲೆ ಕನ್ನಡದಲ್ಲಿದ್ದುದರಿಂದ ಅದರ ಇಂಗ್ಲಿಷ್ ಪ್ರತಿಯನ್ನು ನಾನೇ ಅಲ್ಲಿ ಕುಳಿತು ಬರೆದುಕೊಟ್ಟೆ. ಲಗ್ನದ ಮುಹೂರ್ತ, ಬಂಧುಮಿತ್ರರ ಆಗಮನದ ಕೋರಿಕೆ, ಆಮಂತ್ರಿಸುವವರ ಸಾಲಿನಲ್ಲಿ ನನ್ನದೇ ಹೆಸರು. ಗುಮಾಸ್ತರು ಅದರ ಮೂಲೆಯಲ್ಲಿ ದಾಖಲೆಯ ನಂಬರು ಹಾಕಿ ಫೈಲಿಗೆ ಸೇರಿಸಿದರು.

ಮಧ್ಯಾಹ್ನದ ಊಟದ ನಂತರ ಷರತ್ತುಗಳ ವಿಷಯ ಬಂತು. ನಿಜವಾದ ಕೆಲಸವಿದ್ದದ್ದು ಇಲ್ಲಿಯೇ. ಚಿನ್ನದ ಪಟ್ಟಿ ತಂಗಿಯ ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿತ್ತು: ಅವಲಕ್ಕಿ ಸರ, ಮೋಹನಮಾಲೆ, ಬಳೆಗಳು, ಎದುರಿಗೆ ಎಷ್ಟೆಷ್ಟು ಪವನು ಎಂಬ ಲೆಕ್ಕ. ಒಡವೆಗಳೆಲ್ಲ ಬೆಂಗಳೂರಿನ ಬ್ಯಾಂಕಿನಲ್ಲಿ ಜಂಟಿ ಲಾಕರಿನಲ್ಲಿದ್ದವು. ಹೆಣ್ಣಿಗೆ ಮದುವೆಯ ಹೊತ್ತಿನಲ್ಲಿ ಎರಡೂ ಕಡೆಯವರು ಕೊಟ್ಟದ್ದು ಅವಳದೇ ಸ್ವತ್ತು, ಗಂಡನ ಕೈಯಲ್ಲಿದ್ದರೂ ಅವನು ಅದನ್ನು ಕಾಯ್ದಿಟ್ಟವನಷ್ಟೇ ಎಂದು ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. ಅಳಿಯ ಅದಕ್ಕೆ ತಕರಾರು ತೆಗೆಯಲಿಲ್ಲ. ಆದರೆ "ಎಲ್ಲ ಒಡವೆ ಹಿಂದಿರುಗಿಸತಕ್ಕದ್ದು" ಎಂದು ಒಟ್ಟಾರೆ ಬರೆಯಲು ವಕೀಲರು ಒಪ್ಪದೆ, ಒಂದೊಂದು ಒಡವೆಯನ್ನೂ ತೂಕದೊಂದಿಗೆ ಬರೆಸಿ, ಯಾವ ತಾರೀಕಿನೊಳಗೆ, ಯಾರ ಸಮ್ಮುಖದಲ್ಲಿ ಎಂಬುದನ್ನೂ ಸೇರಿಸಿದರು.

ಜೀವನಾಂಶದ ಇಡುಗಂಟನ್ನು ಅವರು ಎರಡು ಪಾಲು ಮಾಡಿಸಿದ ಕಾರಣವನ್ನು ಹೇಳಲೇಬೇಕು. ಸಮ್ಮತಿಯೆಂಬುದು ಅರ್ಜಿ ಹಾಕಿದ ದಿನಕ್ಕೆ ಮುಗಿಯುವುದಿಲ್ಲ, ಡಿಕ್ರಿ, ಎಂದರೆ ಕೋರ್ಟಿನ ಅಂತಿಮ ಆದೇಶ, ಆಗುವವರೆಗೂ ಉಳಿದಿರಬೇಕು, ನಡುವೆ ಒಬ್ಬರು ಹಿಂದೆಗೆದರೆ ಡಿಕ್ರಿ ಕೊಡಲಾಗದು ಎಂಬುದೂ ಸುರೇಷ್ಟಾ ದೇವಿ ತೀರ್ಪಿನಲ್ಲೇ ಇದೆ. ಪೂರ್ತಿ ಹಣ ಮೊದಲೇ ಕೊಟ್ಟರೆ ಗಂಡನಿಗೆ ಭಯ, ಪೂರ್ತಿ ಕೊನೆಗೆ ಎಂದರೆ ಹೆಂಡತಿಗೆ ಭಯ. ಆದ್ದರಿಂದ ಅರ್ಧಕ್ಕೆ ಮೊದಲ ಹಾಜರಿಯ ದಿನ ಡಿಮಾಂಡ್ ಡ್ರಾಫ್ಟು, ಉಳಿದರ್ಧಕ್ಕೆ ಕೊನೆಯ ಹಾಜರಿಯ ದಿನ ನ್ಯಾಯಾಧೀಶರ ಎದುರಿಗೇ ಇನ್ನೊಂದು. ಒಬ್ಬರನ್ನೊಬ್ಬರು ನಂಬಿದ್ದೇವೆ ಎನ್ನುತ್ತಿದ್ದ ಇಬ್ಬರಿಗೂ ಈ ಏರ್ಪಾಡು ಕೇಳಿ ಉಸಿರು ಸಲೀಸಾದದ್ದು ಮುಖದಲ್ಲೇ ಕಾಣಿಸಿತು. ತನಗೆ ಏನೂ ಬೇಡವೆಂದು ಹೆಂಡತಿ ಬರೆದುಕೊಡಬಹುದಾದರೂ ಮಗುವಿನ ಪೋಷಣೆಯ ಹಕ್ಕನ್ನು ತಂದೆತಾಯಿ ಸೇರಿಕೊಂಡು ಬಿಟ್ಟುಕೊಡುವಂತಿಲ್ಲ ಎಂದು ವಕೀಲರು ಎಚ್ಚರಿಸಿದ್ದರಿಂದ ತಿಂಗಳ ಖರ್ಚನ್ನು ಬೇರೆಯಾಗಿ ನಮೂದಿಸಿದೆವು.

ಮಗು ತಾಯಿಯ ಬಳಿ ಇರುವುದು, ತಂದೆ ರಜೆಯಲ್ಲಿ ಕರೆದುಕೊಂಡು ಹೋಗುವುದು ಎಂಬಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಕರಡಿನಲ್ಲಿ ಗುಮಾಸ್ತರು ವಾಡಿಕೆಯಂತೆ ಓಣಂ ಮತ್ತು ಕ್ರಿಸ್‌ಮಸ್ ರಜೆ ಎಂದು ಬರೆದಿದ್ದರು. ಅಳಿಯ ಓದುತ್ತಾ ಅಲ್ಲಿ ನಿಂತ. "ಮಾವ, ಓಣಂಗೆ ಬೆಂಗಳೂರಿನಲ್ಲಿ ನನಗೆ ರಜೆ ಎಲ್ಲಿ ಸಿಗುತ್ತದೆ? ದಸರೆಗೆ ಕಳಿಸಿ" ಎಂದ. ಇವಳು ಅಷ್ಟೇ ಮೆಲ್ಲಗೆ, "ದಸರೆಗೆ ಇಲ್ಲಿನ ಶಾಲೆಗೆ ಅಷ್ಟು ದಿನ ರಜೆ ಇಲ್ಲವಲ್ಲ" ಎಂದಳು. ಚಿನ್ನಕ್ಕೆ ಆಗದ ಜಗಳ ಇದಕ್ಕೆ ಆದೀತೆಂದು ನಾನು ಹೆದರಿದೆ. ಎರಡು ರಾಜ್ಯಗಳ ರಜೆಯ ಪಟ್ಟಿಗಳನ್ನು ಮೊಬೈಲಿನಲ್ಲಿ ತೆಗೆದು ಹೊಂದಿಸಿ ನೋಡಿ, ಕಡೆಗೆ ಏಪ್ರಿಲ್-ಮೇ ರಜೆಯ ಅರ್ಧ, ಕ್ರಿಸ್‌ಮಸ್ ರಜೆ ಪೂರ್ತಿ, ತಿಂಗಳಿಗೊಂದು ಶನಿವಾರ-ಭಾನುವಾರ ಅವನೇ ಈ ಕಡೆಗೆ ಬರುವುದು ಎಂದಾಯಿತು. ಮಗುವನ್ನು ಎಲ್ಲಿಂದ ಕರೆದೊಯ್ಯುವುದೆಂದು ಕೇಳಿದಾಗ ಮತ್ತೆ ಮೌನ. "ನಿಮ್ಮ ಮನೆಯೆಂದು ಬರೆಯಬಹುದೇ ಮಾಸ್ಟ್ರೇ?" ಎಂದರು ವಕೀಲರು. ಹಾಗೆ ನನ್ನ ಮನೆಯ ವಿಳಾಸವೂ ಕೋರ್ಟಿನ ಕಾಗದ ಸೇರಿತು. ಮಗುವಿನ ಕುರಿತಾದ ಏರ್ಪಾಡನ್ನು ಮುಂದೆ ಅಗತ್ಯ ಬಿದ್ದರೆ ಕೋರ್ಟಿನಲ್ಲಿ ಬದಲಾಯಿಸಿಕೊಳ್ಳಲು 26ನೇ ಸೆಕ್ಷನ್ನಿನಲ್ಲಿ ಅವಕಾಶವಿದೆ. ಅದನ್ನು ಕೇಳಿದ ಮೇಲೆಯೇ ಇಬ್ಬರೂ ಪೆನ್ನು ಹಿಡಿದದ್ದು.

ವಿದ್ಯಾನಗರದ ನ್ಯಾಯಾಲಯ ಸಂಕೀರ್ಣದಲ್ಲಿ ಆಮೇಲೆ ನಡೆದದ್ದನ್ನು ವಿಸ್ತರಿಸಬೇಕಾಗಿಲ್ಲ. ಕೌನ್ಸೆಲರ್ ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಮಾತನಾಡಿಸಿದರು. ನ್ಯಾಯಾಧೀಶರು ಕೇಳಿದ್ದು ಮುಖ್ಯವಾಗಿ ಒಂದೇ: ಇದು ನಿಮ್ಮದೇ ನಿರ್ಧಾರವೇ, ಯಾರಾದರೂ ಒತ್ತಾಯಿಸಿದ್ದಾರೆಯೇ? ಒಪ್ಪಿಗೆಯನ್ನು ಬಲವಂತದಿಂದಲೋ ಮೋಸದಿಂದಲೋ ಪಡೆದಿಲ್ಲವೆಂದು ಮನವರಿಕೆಯಾಗದೆ ಡಿಕ್ರಿ ಕೊಡುವಂತಿಲ್ಲ ಎಂದು ಕಾಯ್ದೆಯ 23ನೇ ಸೆಕ್ಷನ್ನು ಹೇಳುತ್ತದೆ. ಪ್ರಶ್ನೆ ಮಲಯಾಳದಲ್ಲಿ ಬಂತು, ಉತ್ತರವನ್ನು ಹುಡುಗಿ ಮಲಯಾಳದಲ್ಲೇ ಕೊಟ್ಟಳು. ಅರ್ಜಿ ಇಂಗ್ಲಿಷಿನಲ್ಲಿದ್ದರೂ ಅದರ ಪ್ರತಿಯೊಂದು ಸಾಲನ್ನೂ ವಕೀಲರು ಕನ್ನಡದಲ್ಲಿ ಓದಿ ಹೇಳಿದ್ದರಿಂದ ಅವಳು ಎಲ್ಲಿಯೂ ತಡವರಿಸಲಿಲ್ಲ.

ಅರ್ಜಿ ಸಲ್ಲಿಸಿದ ಮೇಲೆ ಆರು ತಿಂಗಳು ಕಾಯಬೇಕು, ಸಲ್ಲಿಸಿದಲ್ಲಿಂದ ಹದಿನೆಂಟು ತಿಂಗಳ ಒಳಗೆ ಮತ್ತೆ ಹೋಗಬೇಕು. ಈ ಆರು ತಿಂಗಳನ್ನು ಮನ್ನಾ ಮಾಡಬಹುದೆಂದು 2017ರ ಸೆಪ್ಟೆಂಬರಿನಲ್ಲಿ ಅಮರದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಬೇಗ ಮುಗಿಸುವ ದಾರಿಯೂ ಇದೆ. ಬೇರೆಯಾಗಿ ಒಂದೂವರೆ ವರ್ಷ ಕಳೆದಿರಬೇಕು, ರಾಜಿಯ ಪ್ರಯತ್ನಗಳು ವಿಫಲವಾಗಿರಬೇಕು, ಜೀವನಾಂಶ, ಮಗು ಮುಂತಾದ ಎಲ್ಲವೂ ಇತ್ಯರ್ಥವಾಗಿರಬೇಕು. ನಮ್ಮಲ್ಲಿ ಇವೆಲ್ಲ ಆಗಿದ್ದುದರಿಂದ ಮನ್ನಾ ಅರ್ಜಿ ಹಾಕಿದೆವು, ಅದು ಮಂಜೂರಾಯಿತು. ಕರಡಿಗಾಗಿ ಕಳೆದ ಆ ದಿನದ ಫಲ ಇಲ್ಲಿ ಸಿಕ್ಕಿತೆಂದು ನಾನು ಎಣಿಸುತ್ತೇನೆ: ಇತ್ಯರ್ಥವಾಗದೆ ಉಳಿದದ್ದು ಏನೂ ಇರಲಿಲ್ಲ.

ಎರಡನೆಯ ಡ್ರಾಫ್ಟು ಕೈ ಸೇರಿದ ದಿನ ಡಿಕ್ರಿಯೂ ಆಯಿತು. ಇಬ್ಬರ ಸಮ್ಮತಿಯಿಂದ ಆದ ಡಿಕ್ರಿಯ ಮೇಲೆ ಮೇಲ್ಮನವಿ ಇಲ್ಲವೆಂದು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಲ್ಲಿದೆ, ಹಾಗಾಗಿ ಮತ್ತೆ ಕಾಯುವ ಮಾತಿಲ್ಲ. ದೃಢೀಕೃತ ನಕಲನ್ನು ಒಂದಕ್ಕಿಂತ ಹೆಚ್ಚು ತೆಗೆದಿಟ್ಟುಕೊಳ್ಳಿ ಎಂದು ಗುಮಾಸ್ತರು ಹೇಳಿದ್ದನ್ನು ನಾನು ಅಷ್ಟಾಗಿ ಮನಸ್ಸಿಗೆ ಹಾಕಿಕೊಳ್ಳದಿದ್ದರೂ ತಂಗಿ ಹಾಕಿಕೊಂಡಳು. ಅವಳ ಪಡಿತರ ಚೀಟಿಗೆ ಮಗಳ ಮತ್ತು ಮೊಮ್ಮಗಳ ಹೆಸರು ಸೇರಿಸಲು ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋದಾಗ ಒಂದು, ಬ್ಯಾಂಕಿನ ಲಾಕರು ಮುಚ್ಚುವಾಗ ಇನ್ನೊಂದು ಬೇಕಾಯಿತು; ಉಳಿದದ್ದನ್ನು ಮಗುವಿನ ಪಾಸ್‌ಪೋರ್ಟಿಗೆ ಬೇಕಾದೀತೆಂದು ಅಡಿಕೆ ಲೆಕ್ಕದ ಪುಸ್ತಕದ ಜೊತೆಗೇ ಇಟ್ಟಿದ್ದಾಳೆ.