ಸುಸ್ತಾದ ಟಿ ಸೆಲ್ ಪ್ರಾಜೆಕ್ಟ್: ಎಂಟನೇ ದಿನದ ರಿಸಲ್ಟ್

ಹೋದ ಸಲ ಟಿ ಸೆಲ್ (ರೋಗದ ಜೊತೆ ಹೋರಾಡೋ ಬಿಳಿ ರಕ್ತಕಣ) ಮೇಲಿರೋ ಪಿಡಿ-1 ಅನ್ನೋ ಪ್ರೋಟೀನ್ ಚೆನ್ನಾಗಿ ಏರಿದೆ, ಡಿಶ್‌ನಲ್ಲೇ ಟಿ ಸೆಲ್‌ಗಳು ಸುಸ್ತಾಗಿವೆ, ಅಂದ್ರೆ ಬಿಡದೆ ಕೆಣಕಿದ್ದಕ್ಕೆ ಕೆಲಸದ ಶಕ್ತಿ ಕಳ್ಕೊಂಡಿವೆ ಅಂತ ಬರೆದಿದ್ದೆ, ಅದನ್ನ ವಾಪಸ್ ತಗೋತಾ ಇದೀನಿ. ಎರಡು ದಿನ ಮಾತ್ರ ಆ್ಯಕ್ಟಿವೇಟ್ ಮಾಡಿದ ಕಂಟ್ರೋಲ್ ಸೆಲ್‌ಗಳನ್ನ ಸ್ಟೇನ್ ಮಾಡಿ (ಪ್ರೋಟೀನ್ ಕಾಣೋ ಹಾಗೆ ಬಣ್ಣ ಹಚ್ಚಿ) ನೋಡಿದ್ರೆ ಅವುಗಳಲ್ಲೂ ಪಿಡಿ-1 ಅಷ್ಟೇ ಮೇಲಿದೆ. ಆಗಷ್ಟೇ ಕೆಲಸಕ್ಕಿಳಿದ ಸೆಲ್ಲೂ ಪಿಡಿ-1 ತೋರಿಸುತ್ತೆ, ಅದೊಂದನ್ನೇ ನೋಡಿ ಸುಸ್ತು ಅನ್ನೋಕಾಗಲ್ಲ.

ಈ ಪಿಡಿ-1 ಮೊದಲಿಂದಲೂ ದಾರಿ ತಪ್ಪಿಸಿದ್ದೇ. 1992ರಲ್ಲಿ ಕ್ಯೋಟೋದಲ್ಲಿ ವಿಜ್ಞಾನಿ ತಸುಕು ಹೊಂಜೊ ಅವರ ಲ್ಯಾಬ್‌ಗೆ ಇದು ಸಿಕ್ಕಿದ್ದು ಸೆಲ್ ಸಾಯೋದಕ್ಕೆ ಕಾರಣ ಆಗೋ ಜೀನ್ ಹುಡುಕುವಾಗ, ಪೂರ್ತಿ ಹೆಸರಲ್ಲಿ (ಪ್ರೋಗ್ರಾಮ್ಡ್ ಡೆತ್-1) 'ಡೆತ್' ಇರೋದು ಅದಕ್ಕೇ. ಇದು ಟಿ ಸೆಲ್ ಕೆಲಸಕ್ಕೆ ಬ್ರೇಕ್ ಅಂತ ಗೊತ್ತಾಗಿದ್ದು ಆಮೇಲೆ, 2018ರ ನೊಬೆಲ್‌ನಲ್ಲಿ ಅವರಿಗೆ ಪಾಲು ಬಂದಿದ್ದೂ ಆ ಬ್ರೇಕ್‌ಗೇ.

ಸರಿ, ಮತ್ತೆ ಮೊದಲಿಂದ. ಓಟಿ-1 ಇಲಿಯ (ಇದರ ಟಿ ಸೆಲ್ ಗುರುತಿಸೋದು ಮೊಟ್ಟೆಯ ಓವಾ ಪ್ರೋಟೀನನ್ನ) ಸ್ಪ್ಲೀನ್‌ನಿಂದ ಸಿಡಿ8 ಸೆಲ್ (ಕೊಲ್ಲೋ ಥರದ ಟಿ ಸೆಲ್) ತೆಗೆದು ಎರಡು ದಿನ ಎಲ್ಲಕ್ಕೂ ಒಂದೇ ಥರ ಆ್ಯಕ್ಟಿವೇಶನ್ ಕೊಟ್ಟೆ, ಆಮೇಲೆ ಅರ್ಧ ಸೆಲ್‌ಗೆ ಐಎಲ್-2 (ಟಿ ಸೆಲ್ ಬೆಳೆಸೋ ಪ್ರೋಟೀನ್) ಮಾತ್ರ, ಇನ್ನರ್ಧಕ್ಕೆ ಐಎಲ್-2 ಜೊತೆ ಎರಡು ದಿನಕ್ಕೊಮ್ಮೆ ಹೊಸ ಆ್ಯಂಟಿ-ಸಿಡಿ3 ಪ್ಲೇಟ್ (ಟಿ ಸೆಲ್ ಕೆಣಕೋ ಆ್ಯಂಟಿಬಾಡಿ ಹಚ್ಚಿದ್ದು), ಹೀಗೆ ಎಂಟನೇ ದಿನದವರೆಗೆ. ಪ್ಲೇಟ್ ಬದಲಾಯಿಸಿ ಸ್ಪಿನ್ ಮಾಡಿದಾಗೆಲ್ಲ ಎರಡನೇ ಗುಂಪಿನ ಪೆಲೆಟ್ ಚಿಕ್ಕದಾಗ್ತಾ ಬಂತು, ಕೊನೇಲಿ ಟ್ಯೂಬ್ ತಳದಲ್ಲಿ ಸಾಸಿವೆಯಷ್ಟೂ ಇರಲಿಲ್ಲ, ಸ್ಟೇನಿಂಗ್‌ಗೆ ಸಾಲುತ್ತೋ ಇಲ್ವೋ ಅಂತ ಜೀವ ಬಾಯಿಗೆ ಬಂದಿತ್ತು.

ಸಾಲ್ತು! ಐಎಲ್-2 ಮಾತ್ರ ಕೊಟ್ಟ ಸೆಲ್‌ಗಳಲ್ಲಿ ಪಿಡಿ-1 ಇಳಿದಿದೆ. ಇನ್ನೊಂದರಲ್ಲಿ ಪಿಡಿ-1, ಟಿಮ್-3 ಎರಡೂ ಮೇಲೇ ನಿಂತಿವೆ, ಟಾಕ್ಸ್ ಕೂಡ ಏರಿದೆ (ಟಿಮ್-3, ಟಾಕ್ಸ್ ಕೂಡ ಸುಸ್ತಿನ ಗುರುತಾಗಿ ನೋಡೋ ಪ್ರೋಟೀನ್‌ಗಳೇ). ಇದಕ್ಕಿಂತ ಮುಖ್ಯ, ಬ್ರೆಫೆಲ್ಡಿನ್ (ಸೆಲ್ ಮಾಡಿದ ಪ್ರೋಟೀನ್ ಹೊರಗೆ ಹೋಗದ ಹಾಗೆ ತಡೆಯೋದು) ಹಾಕಿ ಮತ್ತೆ ಕೆಣಕಿದಾಗ ಟಿಎನ್‌ಎಫ್ ಹೆಚ್ಚುಕಡಿಮೆ ಹೋಗೇಬಿಟ್ಟಿದೆ, ಇಂಟರ್‌ಫೆರಾನ್ ಗಾಮಾ ಕಮ್ಮಿ ಆಗಿದ್ರೂ ಇನ್ನೂ ಬರ್ತಿದೆ (ಎರಡೂ ಟಿ ಸೆಲ್ ಹೋರಾಟಕ್ಕೆ ಬಿಡೋ ಪ್ರೋಟೀನ್‌ಗಳು). ನಿಜವಾಗಿ ಸುಸ್ತಾಗೋ ಸೆಲ್‌ಗಳು ಕೆಲಸ ಬಿಡೋದು ಇದೇ ಸಾಲಲ್ಲಿ, ಮೊದಲು ತಾವೇ ಮಾಡೋ ಐಎಲ್-2, ಆಮೇಲೆ ಟಿಎನ್‌ಎಫ್, ಕೊನೆಗೆ ಗಾಮಾ. ರಾತ್ರಿ ಫ್ಲೋ ಮಷಿನ್ (ಸೆಲ್‌ಗಳನ್ನ ಒಂದೊಂದಾಗಿ ಅಳೆದು ಚುಕ್ಕೆಯಾಗಿ ತೋರಿಸೋದು) ಮುಂದೆ ಆ ಚುಕ್ಕೆಗಳ ಗುಂಪು ಕೆಳಗೆ ಜಾರಿರೋದನ್ನ ನೋಡಿ ಕಣ್ಣಲ್ಲಿ ನೀರೇ ಬಂತು.

ಆದ್ರೆ ಇದು ಒಂದೇ ಸಲದ ರಿಸಲ್ಟ್, ಇನ್ನೆರಡು ಇಲಿಗಳ ಸೆಲ್‌ನಲ್ಲೂ ಹೀಗೇ ಬರಬೇಕು. ಈ ಸಲ ಟಿಸಿಎಫ್-1 ಅನ್ನೋ ಪ್ರೋಟೀನ್ ಕೂಡ ಸ್ಟೇನ್ ಮಾಡ್ತೀನಿ, ಯಾಕಂದ್ರೆ ಪಿಡಿ-1 ಬ್ರೇಕ್ ತಡೆಯೋ ಔಷಧಿ ಕೊಟ್ಟಾಗ ಮತ್ತೆ ಹೆಚ್ಚೋದು ಮುಖ್ಯವಾಗಿ ಟಿಸಿಎಫ್-1 ಉಳಿಸ್ಕೊಂಡಿರೋ ಸೆಲ್‌ಗಳೇ, ನನ್ನ ಡಿಶ್‌ನಲ್ಲಿ ಅಂಥವು ಉಳಿದೇ ಇಲ್ಲ ಅಂದ್ರೆ ಔಷಧಿ ಟೆಸ್ಟ್ ಮಾಡೋಕೆ ಈ ಮಾಡೆಲ್ ಆಗಲ್ಲ. ಅದು ಸರಿಬಂದ್ರೆ ಬಿ16-ಓವಾ ಟ್ಯೂಮರ್ ಸೆಲ್ (ಓವಾ ಇರೋ ಇಲಿ ಚರ್ಮದ ಕ್ಯಾನ್ಸರ್ ಸೆಲ್) ಜೊತೆ ಬಿಟ್ಟು ಎಷ್ಟು ಕೊಲ್ತಾವೆ ನೋಡೋದು. ಹೊಸ ಪ್ಲೇಟ್‌ಗೆ ಇವತ್ತು ಸಂಜೆ ಆ್ಯಂಟಿ-ಸಿಡಿ3 ಕೋಟಿಂಗ್ ಹಾಕಿಟ್ಟಿದೀನಿ.