ಹುಳದ ಬಣ್ಣ ನೋಡಿ ಊರು ಹೇಳಿದೆ

ಸ್ಪಿರಿಟ್ ವಾಸನೆ ಬಂದರೆ ಈಗಲೂ ನನಗೆ ಆ ಸಂಜೆ ನೆನಪಾಗುತ್ತದೆ.

ಆ ಡಿಸೆಂಬರ್‌ನಲ್ಲಿ ಕಾಯಿಕೊರಕ ಹುಳದ ಎರಡು ಕಲ್ಚರ್, ಅಂದರೆ ಲ್ಯಾಬ್‌ನಲ್ಲಿ ಸಾಕುವ ಹುಳಗಳ ಎರಡು ಗುಂಪು, ನನ್ನ ಕೈಯಲ್ಲಿದ್ದವು. ಒಂದು ಕಲಬುರಗಿ ತೊಗರಿಯದು, ಇನ್ನೊಂದು ಕೋಲಾರದ ಟೊಮೆಟೊದ್ದು. ಎರಡೂ ಒಂದೇ ಜಾತಿ, ಹೆಲಿಕೋವರ್ಪಾ. ಆದರೆ ಊರು, ಬೆಳೆ ಬದಲಾದರೆ ಹುಳದ ಗುಣವೂ ಬದಲಾಗಬಹುದು. ಎಷ್ಟು ದಿನಕ್ಕೆ ಕೋಶ ಕಟ್ಟುತ್ತದೆ, ಎಷ್ಟು ಮೊಟ್ಟೆ ಇಡುತ್ತದೆ, ಯಾವ ಔಷಧಿಗೆ ಸಾಯುತ್ತದೆ, ಎಲ್ಲ. ಮೇಲಿಂದ ಮೇಲೆ ಒಂದೇ ಔಷಧಿ ಹೊಡೆದ ಕಡೆ ಅದನ್ನು ತಡೆದುಕೊಂಡ ಹುಳಗಳೇ ಉಳಿದು ಸಂತಾನ ಬೆಳೆಸುತ್ತವೆ. ಆ ವ್ಯತ್ಯಾಸ ಅಳೆಯುವುದೇ ನಮ್ಮ ಕೆಲಸ.

ಕಲಬುರಗಿಯಲ್ಲಿ ಹಿರಿಯ ರೈತರೊಬ್ಬರು ಗಿಡದ ಕೆಳಗೆ ಹಳೇ ಸೀರೆ ಹಾಸಿ, ಗಿಡ ಅಲ್ಲಾಡಿಸಿ ಹುಳ ಬೀಳಿಸಿಕೊಟ್ಟಿದ್ದರು. "ನಮ್ ಹುಳಕ್ಕ ಯಾವ ಎಣ್ಣಿ ನಡೀತದ, ಅದೊಂದು ಹೇಳ್ರಿ" ಅಂದಿದ್ದರು.

ಅವತ್ತು ಹುಳಗಳ ಡಯಟ್, ಅಂದರೆ ಆಹಾರ, ಬದಲಿಸುವ ದಿನ. ಹದಿನಾಲ್ಕು ಟ್ರೇ, ಟ್ರೇಯ ಒಂದೊಂದು ಗುಳಿಯಲ್ಲಿ ಒಂದೊಂದೇ ಹುಳ. ಜೊತೆಗೆ ಬಿಟ್ಟರೆ ಒಂದನ್ನೊಂದು ತಿನ್ನುತ್ತವೆ. ಮುಚ್ಚಳಗಳನ್ನೆಲ್ಲ ಸ್ಪಿರಿಟ್ ಹತ್ತಿಯಿಂದ ಒರೆಸಿ ಒಂದೇ ಕಡೆ ಪೇರಿಸಿದೆ. ಹತ್ತಿ ನೀಲಿಯಾಗಿದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಮಾರ್ಕರ್‌ನಲ್ಲಿ ಬರೆದಿದ್ದ ಒಂದು ಅಕ್ಷರವೂ ಉಳಿದಿರಲಿಲ್ಲ. ಸ್ಟಿಕ್ಕರ್‌ಗೆ ಇಂಡೆಂಟ್ ಹಾಕಿ ಎರಡು ತಿಂಗಳಾಗಿತ್ತು, ಸ್ಟೋರ್‌ನವರು ಕೊಟ್ಟಿರಲಿಲ್ಲ. ಆ ಸಿಟ್ಟು ಇನ್ನೂ ಇದೆ. ಆದರೆ ಮುಂದೆ ಮಾಡಿದ್ದು ನಾನೇ.

ನನ್ನ ಸಂಶೋಧನೆಯ ಗೈಡ್ ಮೀಟಿಂಗ್‌ನಲ್ಲಿದ್ದರು. ಹೋಗಿ ಹೇಳಬಹುದಿತ್ತು. ಬಾಗಿಲ ತನಕ ಹೋದೆ, ವಾಪಸ್ ಬಂದೆ. ಟ್ರೇಗಳನ್ನು ಒಂದೊಂದಾಗಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಕೆಲವದರಲ್ಲಿ ಹಸಿರು ಹುಳ ಜಾಸ್ತಿ, ಕೆಲವದರಲ್ಲಿ ಕಂದು. ಟೊಮೆಟೊದಿಂದ ತಂದಾಗ ಹಸಿರು ಹೆಚ್ಚಿದ್ದ ನೆನಪು. ಹಸಿರು ಹೆಚ್ಚಿದ್ದ ಏಳಕ್ಕೆ 'ಕೋಲಾರ', ಉಳಿದ ಏಳಕ್ಕೆ 'ಕಲಬುರಗಿ' ಅಂತ ಬರೆದೆ. ಬರೆಯುವಾಗ ಕೈ ನಡುಗುತ್ತಿತ್ತು. ಬರೆದು ಮುಗಿದ ಮೇಲೆ ಸರಿ ಅಂತಲೇ ಅನ್ನಿಸಿತು.

ಮುಂದಿನ ತಲೆಮಾರಿನ ಹುಳಗಳ ಮೇಲೆ ಬಯೋಅಸೇ, ಅಂದರೆ ಔಷಧಿ ಪರೀಕ್ಷೆ, ಮಾಡಿದಾಗ ಎರಡರ ಎಲ್‌ಸಿ50, ಅಂದರೆ ಅರ್ಧ ಹುಳ ಸಾಯಲು ಬೇಕಾದ ಔಷಧಿಯ ಸಾಂದ್ರತೆ, ಹೆಚ್ಚುಕಡಿಮೆ ಒಂದೇ ಬಂತು. ಗೈಡ್ ಹಾಳೆ ನೋಡುತ್ತಾ ಕೂತರು. ನಾನು ಟ್ರೇ ನೋಡುತ್ತಿದ್ದೆ. ಒಂದೇ ಕಡಲೆ ಹಿಟ್ಟಿನ ಡಯಟ್ ತಿಂದ 'ಕೋಲಾರ'ದ ಮರಿಗಳಲ್ಲಿ ಹಸಿರೂ ಇತ್ತು, ಕಂದೂ ಇತ್ತು. ಆ ಸೀರೆ ಆಗ ನೆನಪಾಯಿತು. ಒಂದೇ ಹೊಲದ ತೊಗರಿಯಿಂದ ಬಿದ್ದವುಗಳಲ್ಲಿ ಹಸಿರು, ಕಂದು, ಹಳದಿ ಎಲ್ಲ ಇದ್ದವು. ನಾನೇ ಕಣ್ಣಾರೆ ನೋಡಿದ್ದೆ, ಅಲ್ವಾ? ಬಣ್ಣಕ್ಕೂ ಊರಿಗೂ ನಂಟಿಲ್ಲ. ತಿಂದ ಆಹಾರದ ಮೇಲೂ ಅದು ಬದಲಾಗುತ್ತದೆ.

"ಸರ್, ಲೇಬಲ್ ನಾನು ಊಹೆ ಮಾಡಿ ಬರೆದಿದ್ದು" ಅಂದೆ. ಅವರು ಬೈಯಲಿಲ್ಲ. "ಅವತ್ತೇ ಹೇಳಿದ್ದರೆ ಹೊಲದಲ್ಲಿ ಇನ್ನೂ ಹುಳ ಇರ್ತಿತ್ತು" ಅಂದರು. ಅಷ್ಟರಲ್ಲಿ ತೊಗರಿ ಕಟಾವಾಗಿತ್ತು. ಒಂದು ಹಂಗಾಮು ಪೂರ್ತಿ ಹೋಯಿತು.

ಈಗ ಪ್ರತಿ ಟ್ರೇಯ ಒಳಗೂ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಇಡುತ್ತೇನೆ. ಪೆನ್ಸಿಲ್ ಬರಹ ಸ್ಪಿರಿಟ್‌ಗೆ ಅಳಿಸುವುದಿಲ್ಲ.

ಮರುವರ್ಷ ಅದೇ ಹೊಲಕ್ಕೆ ಹೋದೆ. "ಹ್ವಾದ ವರ್ಷದ್ದು ಏನಾಯ್ತ್ರಿ?" ಅಂತ ಆ ಹಿರಿಯ ರೈತರು ಕೇಳಿದರು. ನನ್ನಿಂದ ಹುಳ ಕಲೆತುಹೋದವು ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ ಗಿಡದ ಕೆಳಗೆ ಸೀರೆ ಹಾಸಿದರು.