ಮೆಣಸಿನಕಾಯಿ ಸುಗ್ಗಿಗೆ ರಜೆ ಬೇಕಾ ಅಂತ ಮೊದಲೇ ಕೇಳಿ

ಬಳ್ಳಾರಿಯಲ್ಲಿ ಕೂಸು ನೋಡಿಕೊಳ್ಳೋಕೆ ಒಬ್ಬರು ಬೇಕು ಅಂತ ಬಾಯಿ ಬಿಟ್ಟರೆ ಸಾಕು, ಸಂಜೆಯೊಳಗೆ ಅರ್ಧ ಓಣಿಗೆ ಗೊತ್ತಾಗಿರುತ್ತದೆ. ಹಾಲಿನವರು, ಹೂವಿನವರು, ಎದುರು ಮನೆ ಆಂಟಿ, ಎಲ್ಲರ ಹತ್ತಿರವೂ ಯಾರದಾದರೂ ಒಂದು ನಂಬರ್ ಇರುತ್ತದೆ. 26 ವಾರದ ಹೆರಿಗೆ ರಜೆ ಮುಗಿದು, ಅದಕ್ಕೆ ಸೇರಿಸಿಕೊಂಡಿದ್ದ ರಜೆಯೂ ತೀರುತ್ತಾ ಬಂದಾಗ ನನ್ನ ಫೋನಿನ ತುಂಬಾ ಇಂಥ ನಂಬರ್‌ಗಳೇ. ಜನ ಸಿಗೋದು ಕಷ್ಟ ಆಗಲಿಲ್ಲ. ಯಾರನ್ನ ಮನೆಗೆ ಕರೆಸಬೇಕು, ಯಾರಿಗೆ ಫೋನಿನಲ್ಲೇ ಬೇಡ ಅನ್ನಬೇಕು ಅನ್ನೋದೇ ತಲೆನೋವು.

ಮಕ್ಕಳೆಂದರೆ ಇಷ್ಟವಾ ಅಂತ ನಾನು ಯಾರನ್ನೂ ಕೇಳಲಿಲ್ಲ. ಇಲ್ಲ ಅಂತ ಯಾರಾದರೂ ಹೇಳ್ತಾರಾ? ನಾನು ಮೊದಲು ಕೇಳುತ್ತಿದ್ದದ್ದು, ಸಂಕ್ರಾಂತಿ ಆದಮೇಲೆ ಏನು ಮಾಡ್ತೀರಿ ಅಂತ. ಜನವರಿಯಿಂದ ಮಾರ್ಚ್‌ವರೆಗೆ ಸಿರುಗುಪ್ಪ, ಕುರುಗೋಡು ಕಡೆ ಮೆಣಸಿನಕಾಯಿ ಬಿಡಿಸೋಕೆ ಆಳು ಸಾಲುವುದಿಲ್ಲ. ಬೆಳಿಗ್ಗೆ ಬಾಗಿಲಿಗೇ ಟಂಟಂ ಬಂದು ನಿಲ್ಲುತ್ತದೆ. ಕೌಲ್ ಬಜಾರ್ ಕಡೆಯವರಾದರೆ ಜೀನ್ಸ್ ಕೆಲಸ ಇದ್ದೇ ಇದೆ. ಮನೆಯಲ್ಲೇ ಕೂತು ಪ್ಯಾಂಟಿನ ದಾರ ಕತ್ತರಿಸಿದರೆ ಪೀಸಿಗೆ ಇಷ್ಟು ಅಂತ ಸಿಗುತ್ತದೆ. ಆರ್ಡರ್ ಬಂದಾಗ ಮನೆಮಂದಿಯೆಲ್ಲ ಕೂತರೂ ಮುಗಿಯುವುದಿಲ್ಲ. "ಕಾಯಿ ಬಿಡಿಸೋ ಟೈಮಿಗೆ ಒಂದ್ ತಿಂಗಳು ಆಗಲ್ಲಕ್ಕ, ಅದು ಬಿಟ್ರೆ ನಮ್ಮನಿ ಸಾಲ ತೀರಲ್ಲ" ಅಂದವರ ಹೆಸರನ್ನ ನಾನು ಉಳಿಸಿಕೊಂಡೆ. "ಅದೆಲ್ಲ ಏನಿಲ್ಲಮ್ಮ, ವರ್ಷಪೂರ್ತಿ ಬರ್ತೀನಿ" ಅಂದವರ ಮೇಲೇ ನನಗೆ ಅನುಮಾನ. ತಮಗೇ ಅಡ್ಡ ಬರೋ ಮಾತನ್ನ ಮೊದಲ ಫೋನಿನಲ್ಲೇ ಹೇಳಿಬಿಡುವವರು, ಮಗು ಮಂಚದಿಂದ ಬಿದ್ದ ದಿನವೂ ಮುಚ್ಚಿಡದೆ ಹೇಳ್ತಾರೆ ಅನ್ನೋದು ನನ್ನ ಲೆಕ್ಕ.

ಬಸ್ಸಿನ ವಿಚಾರವೂ ಹಾಗೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಹಾಗಾಗಿ ಮೋಕಾದಿಂದಲೂ ಫೋನ್ ಬಂತು, ಸಂಗನಕಲ್ಲಿನಿಂದಲೂ ಬಂತು. ಆದರೆ ಬ್ಯಾಂಕಿನಲ್ಲಿ ಕೌಂಟರ್ ಮುಂದೆ ಜನ ನಿಂತಿರುವಾಗ ನಮ್ಮ ಆಯಾ ಬಸ್ ತಪ್ಪಿಸಿಕೊಂಡರು ಅಂತ ಹೇಳೋಕಾಗುತ್ತಾ? ಯಾವ ಬಸ್ಸು, ಅದು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ ಅಂತ ಕೇಳುತ್ತಿದ್ದೆ. ಒಬ್ಬರು ನನಗೇ ತಿರುಗಿಸಿ ಕೇಳಿದರು: "ರಶ್ ಇದ್ರೆ ಡ್ರೈವರ್ ನಿಲ್ಸಲ್ಲಕ್ಕ. ಆವತ್ತು ಆಟೋದಾಗ ಬರ್ತೀನಿ, ಅದರ ದುಡ್ಡು ನೀವು ಕೊಡ್ತೀರೇನು?" ಕೊಡ್ತೀನಿ ಅಂದೆ. ನ್ಯಾಯವಾದ ಪ್ರಶ್ನೆ ಅಲ್ವಾ?

ನೀವು ಇಲ್ಲಿದ್ದಾಗ ನಿಮ್ಮ ಮಕ್ಕಳನ್ನ ಯಾರು ನೋಡಿಕೊಳ್ತಾರೆ ಅಂತಲೂ ಕೇಳುತ್ತಿದ್ದೆ. ಚಿಕ್ಕ ಮಕ್ಕಳಿರೋರನ್ನ ಕೈಬಿಡೋಕಲ್ಲ. ಅವರ ಮಗುವಿಗೆ ಜ್ವರ ಬಂದ ದಿನ ಏನು ಮಾಡೋದು ಅಂತ ಇಬ್ಬರೂ ಮೊದಲೇ ಮಾತಾಡಿಕೊಂಡರೆ ಆಮೇಲೆ ಮುಖ ಸಣ್ಣಗೆ ಮಾಡಿಕೊಳ್ಳೋದು ತಪ್ಪುತ್ತದೆ. ಒಬ್ಬಾಕೆ ಮಾತ್ರ, ನಾನು ಬರದ ದಿನ ಇವಳು ಬರ್ತಾಳೆ ಅಂತ ಜೊತೆಗೆ ಬಂದಿದ್ದ ಮಗಳನ್ನ ತೋರಿಸಿದರು. ಏಳನೇ ಕ್ಲಾಸಿನ ಹುಡುಗಿ. 14 ವರ್ಷದೊಳಗಿನ ಮಕ್ಕಳನ್ನ ಮನೆಗೆಲಸಕ್ಕೆ ಇಟ್ಟುಕೊಳ್ಳೋದಕ್ಕೆ 2006ರಿಂದಲೇ ನಿಷೇಧ ಇದೆ. ಕಾನೂನು ಹಾಗಿರಲಿ, ಆ ಹುಡುಗಿ ಸ್ಕೂಲ್ ಬ್ಯಾಗ್ ಹಾಕಿಕೊಂಡೇ ಬಂದಿದ್ದಳು. ಇಬ್ಬರಿಗೂ ಟೀ ಬಿಸ್ಕತ್ತು ಕೊಟ್ಟು ಕಳಿಸಿದೆ.

ನಮ್ಮ ಅತ್ತೆಯದು ಒಂದೇ ಪ್ರಶ್ನೆ: "ಯಾವ ಜನ ಅಂತ ಕೇಳಿದ್ಯೇನಮ್ಮ?" ಕೇಳಲ್ಲ ಅತ್ತೆ, ಅಂದೆ. ಎರಡು ದಿನ ಮಾತು ಕಡಿಮೆ ಆಯಿತು. ಆಗಲಿ ಬಿಡಿ.

ಮನೆಗೆ ಬಂದವರ ಜೊತೆ ನಾನು ಹೆಚ್ಚು ಮಾತಾಡಲಿಲ್ಲ, ಸುಮ್ನೆ ನೋಡಿದೆ. ಬಿಸಿಲಲ್ಲಿ ಬಸ್ಸಿಳಿದು ಬಂದವರು ಮಗು ಎತ್ತಿಕೊಳ್ಳೋ ಮುಂಚೆ ಕೈ ತೊಳೀತಾರಾ? ಮಗು ಅಳೋಕೆ ಶುರು ಮಾಡಿದರೆ ಏನು ಮಾಡ್ತಾರೆ? ಒಬ್ಬರು ತಕ್ಷಣ ಫೋನ್ ತೆಗೆದು ಹಾಡು ಹಾಕಿದರು. ಒಬ್ಬರು ಲೋಬಾನದ ಹೊಗೆ ಹಾಕಿದರೆ ಸರಿ ಹೋಗುತ್ತೆ ಅಂದರು. ಸಂಗನಕಲ್ಲಿನವರು ಏನೂ ಅನ್ನದೆ ಚಡ್ಡಿ ಒದ್ದೆ ಆಗಿದೆಯಾ ಅಂತ ಮುಟ್ಟಿ ನೋಡಿದರು.

ಶೇಂಗಾ ಬೀಜ ಗಂಟಲಿಗೆ ಸಿಕ್ಕಿಕೊಂಡರೆ ಏನು ಮಾಡ್ತೀರಿ ಅಂತ ಎಲ್ಲರನ್ನೂ ಕೇಳಿದೆ. ನೆತ್ತಿ ತಟ್ಟಿ ಊದುತ್ತೇನೆ ಅಂದವರೇ ಜಾಸ್ತಿ. ಬೆರಳು ಹಾಕಿ ತೆಗೀತೀನಿ ಅಂದವರೂ ಇದ್ದರು. ಅದು ಇನ್ನೂ ಅಪಾಯ, ಬೀಜ ಒಳಗೆ ಹೋಗಬಹುದು. ಸಂಗನಕಲ್ಲಿನವರು ಮಾತ್ರ ಸೋಫಾದ ಮೇಲಿದ್ದ ಸಣ್ಣ ದಿಂಬು ಎತ್ತಿಕೊಂಡರು. ಅದನ್ನ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕಡೆ ತಗ್ಗಿಸಿ, ಅಂಗೈ ಬುಡದಿಂದ ಬೆನ್ನಿನ ನಡುವೆ ಐದು ಸಲ ಗುದ್ದಿ ತೋರಿಸಿದರು. ವರ್ಷ ತುಂಬದ ಮಕ್ಕಳಿಗೆ ಮೊದಲು ಮಾಡಬೇಕಾದದ್ದು ಅದೇ. ಎಲ್ಲಿ ಕಲಿತಿರಿ ಅಂದರೆ, 'ಕೂಸಿನ ಮನೆ'ಯಲ್ಲಿ ಕೆಲಸ ಮಾಡಿದ್ದೀನಿ, ಅಲ್ಲಿ ಟ್ರೈನಿಂಗ್ ಕೊಟ್ಟಿದ್ದರು ಅಂದರು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗೋ ತಾಯಂದಿರ ಮಕ್ಕಳಿಗಾಗಿ ಪಂಚಾಯ್ತಿಗಳಲ್ಲಿ ನಡೆಸುತ್ತಾರಲ್ಲ, ಅದು.

ಹಳೇ ಮನೆಯವರಿಗೆ ಫೋನ್ ಮಾಡಿದಾಗ ಹೇಗಿದ್ದರು ಅಂತ ಕೇಳಿ ಪ್ರಯೋಜನವಿಲ್ಲ. ಒಳ್ಳೆಯವರೇ ಅಂತಾರೆ, ಅಲ್ಲಿಗೆ ಮುಗೀತು. ನಾಳೆ ವಾಪಸ್ ಬಂದರೆ ಇಟ್ಟುಕೊಳ್ತೀರಾ ಅಂತ ಕೇಳಿ. ಒಂದು ಮನೆಯವರು "ಹ್ಞಾ... ನೋಡಬೇಕು" ಅಂದರು. ನನಗೆ ಅಷ್ಟು ಸಾಕಾಯಿತು.

ಕಾಗದ ಪತ್ರ ದೊಡ್ಡ ವಿಷಯವಲ್ಲ. ಆಧಾರ್ ನೋಡಿ ವಿಳಾಸ ಬರೆದುಕೊಳ್ಳಿ. ಪೊಲೀಸ್ ಪರಿಶೀಲನೆಗೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬಹುದು. ಅವರಿಗೆ ಹೇಳಿಯೇ ಹಾಕಿ, ಕದ್ದುಮುಚ್ಚಿ ಬೇಡ.

ಕೊನೆಗೆ ಸಂಗನಕಲ್ಲಿನವರೇ ಬಂದರು. ಫೆಬ್ರವರಿಯಲ್ಲಿ ಕಾಯಿ ಬಿಡಿಸೋಕೆ ಹೋಗ್ತಾರೆ. ಆ ತಿಂಗಳು ನಮ್ಮಮ್ಮ ಕೊಪ್ಪಳದಿಂದ ಬಂದು ಇರ್ತಾರೆ. ಮೊದಲ ವಾರ ನಾನು ಮನೆಯಲ್ಲಿದ್ದಾಗಲೇ ಅವರು ಬಂದು ಹೋಗಲಿ, ಆ ವಾರಕ್ಕೂ ಪೂರ್ತಿ ಸಂಬಳ ಅಂತ ಮಾತಾಯಿತು. ಉಳಿದವರಿಗೂ ಫೋನ್ ಮಾಡಿ ಆಗಲ್ಲ ಅಂತ ಹೇಳಿದೆ. ಕಾಯಿಸಿ ಸುಮ್ಮನಿರೋದು ಸರಿಯಲ್ಲ. ಆಟೋ ದುಡ್ಡು ಕೇಳಿದ್ದವರು "ಯಾಕಕ್ಕ, ಅದಕ್ಕೇನಾ?" ಅಂದರು. ಅಲ್ಲ ಅಂದು ದಿಂಬಿನ ಕಥೆ ಹೇಳಿದೆ. "ಅದೇನ್ ಅಂತ ನಂಗೂ ತೋರಿಸ್ಲಿ, ಕಲ್ತ್ಕೊಂತೀನಿ" ಅಂದರು. ಅವರ ನಂಬರ್ ನಮ್ಮ ಬ್ರಾಂಚಿನ ಇನ್ನೊಬ್ಬರಿಗೆ ಕೊಟ್ಟಿದ್ದೇನೆ. ಅವರಿಗೆ ಮಾರ್ಚ್‌ನಲ್ಲಿ ರಜೆ ಮುಗಿಯುತ್ತದೆ.